ಪದ್ಮಿನಿಗೆ ಬಾಯಾರಿಕೆ

ಮಕ್ಕಳೇ, ಕಳೆದ ದೀಪಾವಳಿಯಿಂದ ಈಚೆಗೆ ಇಳಕಲ್ಲಿನ ನಮ್ಮ ಓಣಿಯವರಿಗೆ ಅಲಾರಂ ಬೇಕಾಗಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ನಮ್ಮ ಪೋರ್ಚಿನಿಂದ ‘ಕುರ್ ಕುರ್ ಕುರ್’ ಎಂಬ ಸದ್ದು ಬಂದರೆ, ಎದುರು ಮನೆಯ ಮಗ್ಗದ ಅಜ್ಜ ಚಹಾ ಇಳಿಸಿ ಹೊರಗೆ ಬರುತ್ತಿದ್ದರು. ಸದ್ದು ನಿಂತು ಗಾಡಿ ಶುರುವಾಗುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತಿತ್ತು.

ಗಾಡಿ ಎಂದರೆ ನನ್ನ 1974ರ ಪ್ರೀಮಿಯರ್ ಪದ್ಮಿನಿ. 1089 ಸಿ.ಸಿ. ಎಂಜಿನ್ನು, ಸ್ಟಿಯರಿಂಗಿಗೇ ಅಂಟಿಕೊಂಡ ಗೇರು, ಬೆಂಚಿನಂಥ ಮುಂದಿನ ಸೀಟು. ಇಟಲಿಯ ಫಿಯೆಟ್ ಕಂಪನಿಯ ಗಾಡಿಯನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸಿನವರು ತಯಾರಿಸುತ್ತಿದ್ದರು. ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದದ್ದೇ 1974ರಲ್ಲಿ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಇದೇ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ನಮ್ಮದು ಇನ್ನೂ ಇಳಿದಿಲ್ಲ. 50 ವರ್ಷ ದಾಟಿದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಸರಕಾರ 2021ರಲ್ಲಿ ನಿಯಮ ಮಾಡಿದೆ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದೇ ಹೊರತು ದಿನಾ ಸಂತೆಗೆ ಒಯ್ಯುವಂತಿಲ್ಲ. ಸಂತೆಗೆ ಹೋಗದ ಗಾಡಿ ಇಟ್ಟುಕೊಂಡು ನಾನೇನು ಮಾಡಲಿ?

ನನ್ನ ಮೊಮ್ಮಗಳು ಏಳನೆಯ ತರಗತಿ. ಶಾಲೆಗೆ ಬಿಡಲು ನಾನೇ ಹೋಗುತ್ತೇನೆ. ಗಾಡಿ ಶುರುವಾಗಲು ತಡವಾದಾಗ ಅವಳಿಗೆ ಬೇಜಾರು ಬಂದು ಎಣಿಸತೊಡಗಿದಳು. ಎಣಿಸಿದ್ದನ್ನು ಗಣಿತದ ಪಟ್ಟಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟಳು.

“ಅಜ್ಜಾ, ಇವತ್ತ ಮೂವತ್ತೆಂಟು. ನಿನ್ನೆಕಿಂತ ಎರಡು ಜಾಸ್ತಿ.”

“ಬರೀಬ್ಯಾಡವಾ, ಗಾಡಿಗೆ ನಾಚಿಕಿ ಆಗತೈತಿ,” ಎಂದೆ. ನಾಚಿಕೆ ಆಗುತ್ತಿದ್ದುದು ನನಗೆ.

ಮೊದಲು ಬ್ಯಾಟರಿ ಬದಲಾಯಿಸಿದೆ. 5,400 ರೂಪಾಯಿ. ಮೂರು ದಿನ ‘ಕುರ್ ಕುರ್’ ಸದ್ದು ಜೋರಾಯಿತು, ಅಷ್ಟೆ. ಆಮೇಲೆ ಪ್ಲಗ್ಗು ನಾಲ್ಕು, ಕಾಯಿಲ್ ಒಂದು, ಕಂಡೆನ್ಸರ್ ಒಂದು. ಕಿಡಿ ನೀಲಿಯಾಗಿ ಚೆನ್ನಾಗಿಯೇ ಬರುತ್ತಿತ್ತು, ಆದರೂ ಬದಲಾಯಿಸಿದೆ. ಹೊಸ ಸಾಮಾನು ಹಾಕಿದರೆ ಕೆಲಸ ಮಾಡಿದಂತೆ ಅನ್ನಿಸುತ್ತದೆ ನೋಡಿ, ಅದೇ ಕಾರಣ. ಕೊನೆಗೆ ಬಾಗಲಕೋಟೆಗೆ ಒಯ್ದೆ. ಅಲ್ಲಿ ನನಗೆ ಮೂವತ್ತು ವರ್ಷದಿಂದ ಗೊತ್ತಿರುವ ಒಬ್ಬ ಮಿಸ್ತ್ರಿ ಇದ್ದಾರೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿಗೆ ಬಂದಾಗ ಗ್ಯಾರೇಜನ್ನು ನವನಗರಕ್ಕೆ ಸಾಗಿಸಿದವರು. ಈಗ ಕಣ್ಣು ಮಂದ, ಮೂಗು ಚುರುಕು. ಎಂಜಿನ್ನಿನ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿದರು.

“ಸಾಹೇಬ್ರ, ಇದಕ್ಕ ಬ್ಯಾಟರಿ ರೋಗ ಇಲ್ಲರಿ. ಇದಕ್ಕ ನೀರಡಿಕಿ ಆಗೇತಿ. ಪೆಟ್ರೋಲ್ ಬರವಲ್ದು.”

ಆಯಿಲ್ ಕಡ್ಡಿಯನ್ನು ಯಾಕೆ ಮೂಸಿದರು? ಅದನ್ನು ಹೇಳಬೇಕಾದರೆ ಪೆಟ್ರೋಲ್ ಪಂಪಿನ ಕತೆ ಹೇಳಬೇಕು. ರಸ್ತೆ ಬದಿಯ ಬಂಕ್ ಅಲ್ಲ, ಗಾಡಿಯೊಳಗಿನ ಪಂಪು.

ಪದ್ಮಿನಿಯಲ್ಲಿ ಟ್ಯಾಂಕು ಹಿಂದೆ ಇದೆ, ಎಂಜಿನ್ನು ಮುಂದೆ. ಪೆಟ್ರೋಲು ಅಷ್ಟು ದೂರ ಹೋಗಿ, ಮೇಲೇರಿ ಕಾರ್ಬುರೇಟರಿಗೆ ಬೀಳಬೇಕು. ತಾನಾಗಿ ಏರುವುದಿಲ್ಲ. ಅಮೆರಿಕದಲ್ಲಿ 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಗಾಡಿಗೆ ಪಂಪೇ ಇರಲಿಲ್ಲ. ಟ್ಯಾಂಕು ಸೀಟಿನ ಕೆಳಗೆ, ಅಲ್ಲಿಂದ ಪೆಟ್ರೋಲು ಇಳಿಜಾರಿಗೆ ಹರಿದು ಎಂಜಿನ್ನಿಗೆ ಹೋಗುತ್ತಿತ್ತು. ಕಡಿದಾದ ಗುಡ್ಡ ಬಂದರೆ, ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದರೆ, ಎಂಜಿನ್ನು ಟ್ಯಾಂಕಿಗಿಂತ ಮೇಲಾಗಿ ಗಾಡಿ ನಿಂತುಬಿಡುತ್ತಿತ್ತು. ಆಗ ಜನ ಗಾಡಿ ತಿರುಗಿಸಿ ಹಿಮ್ಮುಖವಾಗಿ ಗುಡ್ಡ ಹತ್ತುತ್ತಿದ್ದರು! ಈ ಗುಡ್ಡದ ಮಾತು ನೆನಪಿಡಿ. ಮುಂದೆ ಬೇಕಾಗುತ್ತದೆ.

ನಮ್ಮ ಗಾಡಿಯ ಪಂಪು ಎಂಜಿನ್ನಿನ ಮಗ್ಗುಲಿಗೆ ಅಂಟಿಕೊಂಡ, ಮುಷ್ಟಿ ಗಾತ್ರದ ಡಬ್ಬಿ. ಒಳಗೆ ಡೊಳ್ಳಿನ ಚರ್ಮದಂತೆ ಬಿಗಿದ ಒಂದು ಪೊರೆ. ಅದಕ್ಕೆ ಡಯಾಫ್ರಮ್ ಎನ್ನುತ್ತಾರೆ. ಎಂಜಿನ್ನಿನ ಕ್ಯಾಮ್ ಶಾಫ್ಟು ಒಂದು ಸುತ್ತು ತಿರುಗಿದಾಗಲೆಲ್ಲ ಒಂದು ಲಿವರು ಆ ಪೊರೆಯನ್ನು ಎಳೆಯುತ್ತದೆ, ಸ್ಪ್ರಿಂಗು ಮತ್ತೆ ತಳ್ಳುತ್ತದೆ. ಎಳೆದಾಗ ಒಂದು ವಾಲ್ವು ತೆರೆದು ಟ್ಯಾಂಕಿನ ಕಡೆಯಿಂದ ಪೆಟ್ರೋಲು ಒಳಗೆ ಬರುತ್ತದೆ. ತಳ್ಳಿದಾಗ ಅದು ಮುಚ್ಚಿ, ಇನ್ನೊಂದು ತೆರೆದು ಕಾರ್ಬುರೇಟರಿನ ಕಡೆ ಹೋಗುತ್ತದೆ. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟು 1000 ಸುತ್ತು. ಅಂದರೆ ಆ ಪೊರೆ ನಿಮಿಷಕ್ಕೆ 1000 ಸಲ ಬಡಿದುಕೊಳ್ಳುತ್ತದೆ. ಕಾರ್ಬುರೇಟರಿನಲ್ಲಿ ಒಂದು ಪುಟ್ಟ ಬಟ್ಟಲಿದೆ. ನಿಮ್ಮ ಮನೆಯ ಮಾಳಿಗೆಯ ನೀರಿನ ಟಾಕಿಯಲ್ಲಿ ತೇಲುವ ಚೆಂಡಿರುತ್ತದಲ್ಲ, ಹಾಗೆಯೇ ಇಲ್ಲೂ ಒಂದು ತೇಲು. ಬಟ್ಟಲು ತುಂಬಿದೊಡನೆ ಬಾಗಿಲು ಮುಚ್ಚುತ್ತದೆ.

ಪೊರೆ ಹರಿದರೆ ಪೆಟ್ರೋಲು ಎಂಜಿನ್ನಿನ ಆಯಿಲಿನೊಳಗೆ ಇಳಿಯಬಹುದು. ಆಯಿಲ್ ತೆಳುವಾಗಿ ಎಂಜಿನ್ನು ಸವೆಯುತ್ತದೆ. ಅದಕ್ಕೇ ಮಿಸ್ತ್ರಿ ಕಡ್ಡಿ ಮೂಸಿದ್ದು. ವಾಸನೆ ಇರಲಿಲ್ಲ. ಆದರೂ ಪಂಪು ಬಿಚ್ಚಿದರು. ಪೊರೆ ಹರಿದಿರಲಿಲ್ಲ, ಹಳಸಿದ ರೊಟ್ಟಿಯಂತೆ ಸೆಟೆದುಕೊಂಡಿತ್ತು. ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ. 2023ರಿಂದ 100ಕ್ಕೆ 20 ಪಾಲು ಎಥೆನಾಲ್ ಇರುವ ಪೆಟ್ರೋಲು ಮಾರಾಟಕ್ಕೆ ಬಂತು. ಎಥೆನಾಲ್ ಆಗುವುದು ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ. ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬಿನವರಿಗೆ ಅದರಿಂದ ನಾಲ್ಕು ಕಾಸು ಬರುವುದಾದರೆ ನನ್ನ ತಕರಾರಿಲ್ಲ. ಆದರೆ 1974ರ ರಬ್ಬರಿಗೆ ಅದು ಒಗ್ಗುವುದಿಲ್ಲ. ಕೆಲವು ಹಳೆಯ ರಬ್ಬರು ಉಬ್ಬುತ್ತದೆ, ಕೆಲವು ಬಿರುಕು ಬಿಡುತ್ತದೆ. ಹಳೆ ಗಾಡಿ ಇಟ್ಟುಕೊಂಡ ಅಜ್ಜಂದಿರು ಈ ಒಂದು ಮಾತನ್ನು ಗುರುತು ಹಾಕಿಕೊಳ್ಳಿ.

ಹೊಸ ಪೊರೆ ಹಾಕಿದ ಮೇಲೆ ಒಂದು ವಾರ ಎಣಿಕೆ ಹದಿನೈದಕ್ಕೆ ಇಳಿಯಿತು. ಆಮೇಲೆ ಮತ್ತೆ ಮೂವತ್ತು. ಮಿಸ್ತ್ರಿಗೆ ಫೋನ್ ಮಾಡಿದರೆ “ಗಾಡಿ ತಗೊಂಡು ಬರ್ರಿ, ಹಿಂದಿಂದ ಮುಂದತನಾ ನೋಡೂಣು” ಎಂದರು. ನಾನು ಹೋಗಲಿಲ್ಲ. ಬನಶಂಕರಿಗೆ ಹೋಗಿಬಂದ ಮೇಲೆ ನೋಡಿದರಾಯಿತು ಎಂದುಕೊಂಡೆ.

ಆ ಬನಶಂಕರಿ ಪ್ರಯಾಣವನ್ನು ಬರೆಯಲೋ ಬೇಡವೋ ಎಂದು ಎರಡು ವಾರ ಯೋಚಿಸಿದ್ದೇನೆ.

ಹುನಗುಂದದಲ್ಲಿ ನನ್ನ ಅಕ್ಕ ಇದ್ದಾಳೆ, ವಯಸ್ಸು 82. ಅವಳ ಮರಿಮೊಮ್ಮಗನ ಜವಳ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ. ತಿಂಗಳು ಏಪ್ರಿಲ್. ಉಳಿದವರೆಲ್ಲ ಟೆಂಪೊದಲ್ಲಿ ನಸುಕಿನಲ್ಲೇ ಹೋದರು. ಅಕ್ಕನನ್ನು ನಾನು ಪದ್ಮಿನಿಯಲ್ಲಿ ಕರೆತರುತ್ತೇನೆಂದು ಜಂಬದಿಂದ ಹೇಳಿದ್ದೆ. ಮೊಮ್ಮಗಳೂ ಹಟ ಮಾಡಿ ಬಂದಳು. ಹುನಗುಂದ ಬಿಟ್ಟು ಅಮೀನಗಡದಲ್ಲಿ ಕರದಂಟು ತೆಗೆದುಕೊಂಡು, ಐಹೊಳೆ ದಾಟಿ, ಪಟ್ಟದಕಲ್ಲಿಗೆ ಬರುವಷ್ಟರಲ್ಲಿ ಹನ್ನೊಂದೂವರೆ. ಬಿಸಿಲು ಕೆಂಡ. ಪಟ್ಟದಕಲ್ಲು ಬಿಟ್ಟು ಸ್ವಲ್ಪ ದೂರ ಹೋಗಿಲ್ಲ, ಗಾಡಿ ಎರಡು ಸಲ ಜಗ್ಗಿ ನಿಂತಿತು.

ವೇಪರ್ ಲಾಕ್ ಎಂದುಕೊಂಡೆ. ಬೇಸಿಗೆಯಲ್ಲಿ ಹಳೆ ಗಾಡಿಗಳಿಗೆ ಬರುವ ಕಾಯಿಲೆ. ನೀರು ಕುದಿಯಲು 100 ಡಿಗ್ರಿ ಬೇಕು. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40ರ ಆಸುಪಾಸಿಗೇ ಕುದಿಯತೊಡಗುತ್ತವೆ. ಕುಕ್ಕರಿನಲ್ಲಿ ಒತ್ತಡ ಹೆಚ್ಚಾಗಿ ನೀರು ತಡವಾಗಿ ಕುದಿಯುತ್ತದೆ ಎಂದು ಮಾಸ್ತರರು ಹೇಳಿದ್ದಾರಲ್ಲ, ಇಲ್ಲಿ ಅದಕ್ಕೆ ತಿರುವುಮುರುವು. ಪಂಪು ಎಳೆಯುವ ಕಡೆ ಒತ್ತಡ ಕಡಿಮೆ, ಆದ್ದರಿಂದ ಇನ್ನೂ ಬೇಗ ಕುದಿಯುತ್ತದೆ. ಪೈಪಿನಲ್ಲಿ ಪೆಟ್ರೋಲಿನ ಬದಲು ಆವಿ ತುಂಬಿಕೊಂಡರೆ ಪಂಪು ಆವಿಯನ್ನೇ ಹಿಂಡುತ್ತ ಕೂಡುತ್ತದೆ. ಇದಕ್ಕೆ ಹಳಬರ ಔಷಧ ಒದ್ದೆ ಬಟ್ಟೆ. ಬಟ್ಟೆಯ ನೀರು ಆರುತ್ತ ಪಂಪಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ.

ಅಕ್ಕನ ಕುಡಿಯುವ ನೀರು ಸುರಿದು ಟವೆಲ್ ಸುತ್ತಿದೆ. ಇಪ್ಪತ್ತು ನಿಮಿಷ ಕಾದೆ. ಗಾಡಿ ಶುರುವಾಯಿತು, ಎರಡು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಅಕ್ಕನ ಮುಖ ಕೆಂಪಾಗಿತ್ತು. “ತಮ್ಮಾ, ಬಸ್ ಬರತೈತಿ, ಬಸ್ಸಿಗೆ ಹೋಗೂಣು ನಡಿ,” ಎಂದಳು. ನನಗೆ ಮಾತ್ರ ಗಾಡಿಯಲ್ಲೇ ಹೋಗಿ ಎಲ್ಲರ ಮುಂದೆ ಇಳಿಯಬೇಕು.

ಆಗ ನಾನು ಮಾಡಿದ್ದನ್ನು ಹೇಳುತ್ತೇನೆ. ಯಾರೂ ಮಾಡಬೇಡಿ. ಡಿಕ್ಕಿಯಲ್ಲಿ ಒಂದು ಲೀಟರ್ ಪೆಟ್ರೋಲಿನ ಡಬ್ಬಿ ಇತ್ತು. ಮಗು ಕೂತ ಗಾಡಿಯಲ್ಲಿ ಅದನ್ನು ಇಟ್ಟದ್ದೇ ಮೊದಲ ತಪ್ಪು. ನೀರಿನ ಖಾಲಿ ಬಾಟಲಿಗೆ ಅದನ್ನು ಸುರಿದು, ಬಾನೆಟ್ಟಿನ ಕೆಳಗೆ ದಾರದಿಂದ ಎತ್ತರಕ್ಕೆ ಕಟ್ಟಿ, ಒಂದು ರಬ್ಬರ್ ನಳಿಗೆಯಿಂದ ಸೀದಾ ಕಾರ್ಬುರೇಟರಿಗೆ ಇಳಿಬಿಟ್ಟೆ. ಗ್ಲುಕೋಸ್ ಬಾಟಲಿ ಏರಿಸಿದ ಹಾಗೆ. ಲಾರಿಯವರು ಹಿಂದೆ ಹೀಗೆ ಮಾಡಿದ್ದನ್ನು ನೋಡಿದ್ದೆ. ಗಾಡಿ ಒಂದೇ ಏಟಿಗೆ ಶುರುವಾಯಿತು. “ನೋಡಿದ್ಯಾ ಅಕ್ಕಾ?” ಎಂದೆ.

ಒಂದು ಹಳ್ಳಿಯ ಹಂಪು ಬಂತು. ನಾನು ನಿಧಾನ ಮಾಡಿದ್ದೆ, ಆದರೂ ಧಡಕ್ಕೆಂದಿತು. ಮೊಮ್ಮಗಳು ಚೀರಿದಳು, “ಅಜ್ಜಾ ನಿಲ್ಲಸು, ಪೆಟ್ರೋಲ್ ವಾಸನಿ! ನಿಲ್ಲಸಜ್ಜಾ!”

ಕೀಲಿ ತಿರುಗಿಸಿ ಎಂಜಿನ್ ಆರಿಸಿ, ಇಬ್ಬರನ್ನೂ ಇಳಿಸಿ ದೂರದ ಬೇವಿನ ಗಿಡದ ಕೆಳಗೆ ಕಳಿಸಿದೆ. ಬಾನೆಟ್ಟಿನ ಸಂದಿಯಿಂದ ನೋಡಿದರೆ ಬಾಟಲಿ ಜಾರಿ, ನಳಿಗೆ ಕಳಚಿ, ಪೆಟ್ರೋಲು ಎಂಜಿನ್ನಿನ ಮೇಲೆಲ್ಲ ಚೆಲ್ಲಿತ್ತು. ಬಿಸಿ ಎಕ್ಸಾಸ್ಟ್ ಕೊಳವೆಯ ಪಕ್ಕದಲ್ಲೇ ಹನಿಯುತ್ತಿತ್ತು, ಆವಿ ಏಳುತ್ತಿತ್ತು. ಒಂದು ಕಿಡಿ ಸಾಕಿತ್ತು. ಹಿಂದೆ ಸರಿದು ನಿಂತೆ. ಕಾಲು ನಡುಗುತ್ತಿದ್ದವು. ಕಿಡಿ ಹಾರಲಿಲ್ಲ, ಅಷ್ಟೇ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಅಕ್ಕ ಬೈಯಲಿಲ್ಲ. ಮೊಮ್ಮಗಳ ತಲೆಯನ್ನು ಸೆರಗಿನಿಂದ ಮುಚ್ಚಿ ಕೂತಿದ್ದಳು. “ಬಾಳ ಶ್ಯಾಣ್ಯಾ ಆಗೀ ತಮ್ಮಾ ನೀ,” ಎಂದಷ್ಟೇ ಹೇಳಿದಳು. ಬಸ್ಸು ಬಂತು. ಅದರಲ್ಲೇ ಬಾದಾಮಿಗೆ ಹೋದೆವು. ಪದ್ಮಿನಿ ಸಂಜೆಯವರೆಗೆ ಬೇವಿನ ಗಿಡದ ಹತ್ತಿರವೇ ನಿಂತು, ಆಮೇಲೆ ಟ್ರ್ಯಾಕ್ಟರಿನ ಹಿಂದೆ ಬಂತು. ಸಂಗತಿ ತಿಳಿದ ಮಗ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. “ಅಪ್ಪಾ, ಗಾಡಿ ಗುಜರಿಗೆ ಕೊಟ್ಟಬಿಡ್ರಿ. ಇಲ್ಲಾ, ನನ್ನ ಮಗಳನ್ನ ಅದರಾಗ ಕೂಡಸಬ್ಯಾಡ್ರಿ,” ಎಂದ. ಸರಿಯಾದ ಮಾತು. ಗಾಡಿ ಪೋರ್ಚಿನಲ್ಲಿ ನಿಂತಿತು. ಮೊಮ್ಮಗಳು ಆಟೊದಲ್ಲಿ ಶಾಲೆಗೆ ಹೋಗತೊಡಗಿದಳು.

ಎರಡು ವಾರದ ಮೇಲೆ ಅವಳೇ ಗಣಿತದ ಪಟ್ಟಿ ತಂದು ನನ್ನ ಮುಂದಿಟ್ಟಳು. “ಅಜ್ಜಾ, ಹುನಗುಂದದಾಗ ಯಾಕ ಲಗೂನ ಚಾಲೂ ಆಗತಿತ್ತು?”

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿಲ್ಲ. ಹೊಸದಾಗಿ ಸೇರಿದಾಗ ನಾನು ಮೊದಲ ಹಾಳೆಯಿಂದ ಎಲ್ಲವನ್ನೂ ಮತ್ತೆ ಕೂಡುತ್ತಿದ್ದೆ. ಒಬ್ಬ ಹಿರಿಯರು ಕಲಿಸಿದರು: ಮೊದಲು ವ್ಯತ್ಯಾಸ ಎಷ್ಟು ನೋಡು, ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಯಾರೋ ಅಂಕಿಗಳನ್ನು ಅದಲುಬದಲು ಬರೆದಿರಬೇಕು. 54ನ್ನು 45 ಎಂದು ಬರೆದರೆ ವ್ಯತ್ಯಾಸ 9. 720ನ್ನು 270 ಎಂದು ಬರೆದರೆ 450, ಅದೂ 9ರ ಮಗ್ಗಿಯದೇ. ಯಾವ ಸಂಖ್ಯೆ ಬೇಕಾದರೂ ಹಾಕಿ ನೋಡಿ. ನಲವತ್ತು ವರ್ಷ ಇದೇ ಕೆಲಸ ಮಾಡಿದವನು ಗಾಡಿಯ ವಿಷಯಕ್ಕೆ ಬಂದಾಗ ಪುಸ್ತಕ ತೆರೆದೇ ನೋಡಿರಲಿಲ್ಲ. ಪುಸ್ತಕ ಬರೆದಿಟ್ಟವಳು ಮೊಮ್ಮಗಳು.

ಇಬ್ಬರೂ ಕೂತು ನೋಡಿದೆವು. ನಮ್ಮ ಮನೆಯಲ್ಲಿ ರಾತ್ರಿ ನಿಂತ ಮರುದಿನ: 38, 36, 41. ಹುನಗುಂದದಲ್ಲಿ ಅಕ್ಕನ ಮನೆಯ ಮುಂದೆ ನಿಂತಾಗ: 6, 7, 6. ಸಾಯಂಕಾಲ ಸಂತೆಯಿಂದ ಹೊರಡುವಾಗ: 3. ಮೊದಲು ಹವೆ ಇರಬಹುದು ಎಂದುಕೊಂಡೆ. ಹುನಗುಂದಕ್ಕೂ ಇಳಕಲ್ಲಿಗೂ ಹವೆಯಲ್ಲಿ ಎಂಥ ವ್ಯತ್ಯಾಸ? ಆಮೇಲೆ ಹೊಳೆಯಿತು. ನಮ್ಮ ಪೋರ್ಚು ರಸ್ತೆಗಿಂತ ಎತ್ತರ. ಗಾಡಿ ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಅಕ್ಕನ ಓಣಿ ಇಳಿಜಾರು, ಅಲ್ಲಿ ಮೂತಿ ಕೆಳಗೆ.

ಫೋರ್ಡ್ ಗಾಡಿಯ ಗುಡ್ಡ ನೆನಪಿದೆಯೇ? ನಮ್ಮ ಪೋರ್ಚಿನಲ್ಲಿ ರಾತ್ರಿಯಿಡೀ ಪೈಪಿನೊಳಗಿನ ಪೆಟ್ರೋಲು ಹಿಂದಕ್ಕೆ, ಟ್ಯಾಂಕಿಗೆ ಇಳಿದುಹೋಗುತ್ತಿತ್ತು. ಬೆಳಿಗ್ಗೆ ಪಂಪು ಖಾಲಿ ಪೈಪಿನಿಂದ ಮತ್ತೆ ಎಳೆದು ತರಬೇಕು. ಊರ ಕೈಪಂಪು ಬಹಳ ದಿನ ನಿಂತರೆ ನೀರು ಬರುವ ಮುನ್ನ ಹತ್ತಾರು ಸಲ ಒತ್ತಬೇಕಲ್ಲ, ಹಾಗೆ.

ಆ ಸಂಜೆ ಮೊಮ್ಮಗಳನ್ನು ದೂರ ನಿಲ್ಲಿಸಿ, ಗಾಡಿಯನ್ನು ರಿವರ್ಸಿನಲ್ಲಿ ಪೋರ್ಚಿಗೆ ಏರಿಸಿದೆ. ಮೂತಿ ರಸ್ತೆಯ ಕಡೆ, ಕೆಳಗೆ. ಮರುದಿನ ಬೆಳಿಗ್ಗೆ ಅವಳು ಕಟ್ಟೆಯ ಮೇಲೆ ನಿಂತು ಎಣಿಸಿದಳು. ಆರು! ಎದುರು ಮನೆಯ ಅಜ್ಜ ಚಹಾ ಕಪ್ಪು ಹಿಡಿದು ಹೊರಗೆ ಬರುವಷ್ಟರಲ್ಲಿ ಎಂಜಿನ್ನು ಓಡುತ್ತಿತ್ತು.

ಆದರೆ ಬಾಯಿ ಮುಚ್ಚಿದ ಪೈಪಿನಿಂದ ಪೆಟ್ರೋಲು ಸುಮ್ಮನೆ ಇಳಿಯುವುದಿಲ್ಲ. ಸ್ಟ್ರಾದಲ್ಲಿ ಶರಬತ್ತು ಎಳೆದು ಮೇಲಿನ ತುದಿಗೆ ಬೆರಳು ಒತ್ತಿ ನೋಡಿ, ಶರಬತ್ತು ಅಲ್ಲೇ ನಿಲ್ಲುತ್ತದೆ. ಇಳಿಯಬೇಕಾದರೆ ಎಲ್ಲಿಂದಲೋ ಗಾಳಿ ಒಳಗೆ ಹೋಗಬೇಕು. ಒಂದೋ ಪಂಪಿನ ವಾಲ್ವು ಸೋರಬೇಕು, ಇಲ್ಲ ಪೈಪಿನಲ್ಲಿ ತೂತಿರಬೇಕು. ವಾಲ್ವುಗಳನ್ನು ಬಾಗಲಕೋಟೆಯ ಮಿಸ್ತ್ರಿ ನೋಡಿಯಾಗಿತ್ತು. ಹಾಗಾದರೆ ಪೈಪು. ಅಷ್ಟರಲ್ಲಿ ನಮ್ಮ ಮನೆಯಾಕೆ ಒಳಗಿನಿಂದಲೇ ಹೇಳಿದಳು: “ಡಿಕ್ಕಿ ತಗದಾಗೊಮ್ಮೆ ವಾಸನಿ ಬರತೈತಿ ಅಂತ ದೀಪಾವಳಿಯಿಂದ ಹೇಳಾಕತ್ತೀನ್ರಿ. ಕೇಳೋರು ಯಾರು?”

ಹೌದು, ಹೇಳಿದ್ದಳು. ಹಳೆ ಗಾಡಿ ಎಂದರೆ ವಾಸನೆ ಇದ್ದದ್ದೇ ಎಂದು ನಾನು ಬಿಟ್ಟಿದ್ದೆ.

ಇಳಕಲ್ಲಿನ ಗ್ಯಾರೇಜಿನ ಹುಡುಗ ಗಾಡಿಯ ಕೆಳಗೆ ಮಲಗಿ, ಟ್ಯಾಂಕಿನ ಪಕ್ಕದಲ್ಲಿ ಲೋಹದ ಪೈಪಿಗೆ ಜೋಡಿಸಿದ ಗೇಣುದ್ದದ ರಬ್ಬರ್ ಪೈಪನ್ನು ಬಿಚ್ಚಿ ತಂದ. ನೋಡಲು ಸರಿಯಾಗಿಯೇ ಇತ್ತು. ಬಾಗಿಸಿದಾಗ ಹೊಲದಲ್ಲಿ ದುಡಿದವರ ಹಿಮ್ಮಡಿಯಂತೆ ಬಿರುಕು ಬಾಯಿ ಬಿಟ್ಟವು. ಪಂಪು ಎಳೆಯುವಾಗ ಆ ಬಿರುಕಿನಿಂದ ಗಾಳಿ ಸೇರುತ್ತಿತ್ತು. ಒತ್ತುವ ಕಡೆಯ ಪೈಪು ಒಡೆದರೆ ಪೆಟ್ರೋಲು ಹೊರಗೆ ಹನಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ಒಡೆದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ತೂತಾದ ಸ್ಟ್ರಾದಿಂದ ಎಳನೀರು ಕುಡಿದವರಿಗೆ ಅದು ಗೊತ್ತು. ಎಷ್ಟು ಎಳೆದರೂ ಬಾಯಿಗೆ ಬರುವುದು ಗುಳ್ಳೆ. ಪಟ್ಟದಕಲ್ಲಿನ ಆಚೆ ಆದದ್ದೂ ಇದೇ. ಬಿಸಿಲಿಗೆ ರಬ್ಬರು ಮೆತ್ತಗಾಗಿ ಬಿರುಕು ಹಿಗ್ಗಿತ್ತು, ಟ್ಯಾಂಕೂ ಅರ್ಧಕ್ಕಿಂತ ಕೆಳಗಿತ್ತು. ಮುಂದೆ ಪಂಪಿಗೆ ನಾನು ಒದ್ದೆ ಬಟ್ಟೆ ಸುತ್ತುತ್ತಿದ್ದೆ, ರೋಗ ಹಿಂದೆ ಇತ್ತು.

ಎಥೆನಾಲ್ ತಡೆಯುವ ಹೊಸ ಪೈಪು, ಎರಡು ಕ್ಲಿಪ್ಪು, ಹುಡುಗನ ಮಜೂರಿ ಸೇರಿ 310 ರೂಪಾಯಿ. ಅದರ ಜೊತೆಗೇ ಎಂಜಿನ್ನಿನ ಹತ್ತಿರದ ಎರಡು ರಬ್ಬರ್ ತುಂಡುಗಳನ್ನೂ ಬದಲಿಸಿದೆವು, ಫಿಲ್ಟರು ಹೊಸದು ಹಾಕಿಸಿದೆವು. ಡಿಕ್ಕಿಯಲ್ಲಿ ಈಗ ಪೆಟ್ರೋಲಿನ ಡಬ್ಬಿ ಇಲ್ಲ. ಅದರ ಜಾಗದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಇದೆ, ಮಗ ಕಳಿಸಿದ್ದು. ಹಳೆಯ ಪೈಪನ್ನು ಮೊಮ್ಮಗಳು ಶಾಲೆಗೆ ಒಯ್ದು ವಿಜ್ಞಾನದ ಮಾಸ್ತರರಿಗೆ ತೋರಿಸಿದಳಂತೆ. ಕೊಡುವ ಮೊದಲು ಮೂರು ದಿನ ಬಿಸಿಲಿಗೆ ಒಣಗಿಸಿದ್ದೆ.

ಒಂದು ತಿಂಗಳು ನಾನೊಬ್ಬನೇ ಓಡಿಸಿದೆ, ಬಿಸಿಲಿನಲ್ಲಿ, ಅರ್ಧ ಟ್ಯಾಂಕಿನಲ್ಲಿ, ಎರಡು ಸಲ ಬಾದಾಮಿಗೆ ಹೋಗಿಬಂದೆ. ಎಣಿಕೆಯನ್ನು ನಾನೇ ಬರೆದು ಮಗನಿಗೆ ಕಳಿಸಿದೆ. ಮೂತಿ ಮೇಲೆ ನಿಂತರೂ ನಾಲ್ಕು, ಐದು, ನಾಲ್ಕು. ಮೊನ್ನೆ ಅವನು “ಹೂಂ, ಕರಕೊಂಡು ಹೋಗ್ರಿ” ಎಂದ.

ಈ ಸೋಮವಾರ ಅಕ್ಕನನ್ನು ಕೂಡಲಸಂಗಮಕ್ಕೆ ಕರೆದುಕೊಂಡು ಹೋಗಲು ಹುನಗುಂದಕ್ಕೆ ಹೋದೆವು. ಬಾಗಿಲಲ್ಲಿ ಗಾಡಿ ನಿಂತಿತು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಹೊರಬಂದಳು, ಹತ್ತಲಿಲ್ಲ. ಮೊದಲು ಬಾನೆಟ್ ಎತ್ತಿಸಿದಳು. ಬಗ್ಗಿ ನೋಡಿದಳು. ಆಮೇಲೆ ಡಿಕ್ಕಿ ತೆಗೆಸಿದಳು.

“ಬಾಟ್ಲಿ ಎಲ್ಲೈತಿ?”

“ಇಲ್ಲಕ್ಕಾ, ಒಗದೀನಿ.”

“ಕುಡಿಯೂ ನೀರಿನ ಬಾಟ್ಲಿ ಕೇಳಿದ್ನಿ,” ಎಂದು ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಕೂತಳು.